ತಿರುಗದ ಹಡಗು: ‘ಟ್ರಾಯ್’ ಚಿತ್ರದ ವೀರರು

ವೂಲ್ಫ್‌ಗಾಂಗ್ ಪೀಟರ್ಸನ್ ನಿರ್ದೇಶಿಸಿದ ‘ಟ್ರಾಯ್’ ಚಿತ್ರವು 2004ರಲ್ಲಿ ತೆರೆಗೆ ಬಂದಿತು. ಎರಡು ದಶಕಗಳು ಕಳೆದರೂ ತರುಣರು ಅದನ್ನು ನೋಡುವುದನ್ನು ಬಿಟ್ಟಿಲ್ಲ. ಚಿತ್ರಮಂದಿರದ ಸ್ಥಾನವನ್ನು ಈಗ ಮೊಬೈಲಿನ ಪುಟ್ಟ ತೆರೆ ಪಡೆದಿದೆ, ಅಷ್ಟೆ. ಚಿತ್ರ ಮುಗಿದ ಮೇಲೆ ಏಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: ಅಕಿಲೀಸನು ದೊಡ್ಡವನೋ, ಹೆಕ್ಟರನು ದೊಡ್ಡವನೋ? ತೀರ್ಪು ಬಹುಮಟ್ಟಿಗೆ ಹೆಕ್ಟರನ ಪರವಾಗಿಯೇ ಇರುತ್ತದೆ. ಅವನು ಒಳ್ಳೆಯ ಮಗ, ಒಳ್ಳೆಯ ಪತಿ, ಒಳ್ಳೆಯ ಅಣ್ಣ. ಕೀರ್ತಿಗಾಗಿ ಅಲ್ಲ, ತನ್ನ ಊರಿಗಾಗಿ ಹೋರಾಡಿದವನು. ಈ ತೀರ್ಪು ಸುಲಭವಾದದ್ದು. ಆದರೆ ಚಿತ್ರವನ್ನು ಮತ್ತೊಮ್ಮೆ ಎಚ್ಚರದಿಂದ ನೋಡಿದರೆ ಅದು ಅಷ್ಟೊಂದು ಭದ್ರವಾಗಿ ನಿಲ್ಲುವುದಿಲ್ಲ.

ಮೊದಲು ಗಮನಿಸಬೇಕಾದುದು, ಹೋಮರನ ‘ಇಲಿಯಡ್’ ಕಾವ್ಯದಿಂದ ಈ ಚಿತ್ರ ಏನನ್ನು ತೆಗೆದುಹಾಕಿದೆ ಎಂಬುದು. ಕಾವ್ಯದಲ್ಲಿ ದೇವದೇವತೆಗಳು ಯುದ್ಧದ ನಡುವೆ ಕೈಹಾಕುತ್ತಾರೆ. ಮೆನೆಲಾಸನೊಡನೆ ದ್ವಂದ್ವಯುದ್ಧದಲ್ಲಿ ಸೋಲುತ್ತಿದ್ದ ಪ್ಯಾರಿಸನನ್ನು ಪ್ರೇಮದೇವತೆ ಅಫ್ರೋಡೈಟಿ ಎತ್ತಿಕೊಂಡು ಹೋಗಿ ಅವನ ಶಯ್ಯಾಗೃಹಕ್ಕೆ ಸೇರಿಸುತ್ತಾಳೆ. ವೃದ್ಧ ರಾಜ ಪ್ರಿಯಮನು ಹೆಲೆನಳಿಗೆ, ತಪ್ಪು ನಿನ್ನದಲ್ಲ, ದೇವತೆಗಳದು ಎಂದು ಸಮಾಧಾನ ಹೇಳುತ್ತಾನೆ. ಚಿತ್ರದಲ್ಲಿ ಇಂಥ ಆಸರೆ ಯಾರಿಗೂ ಇಲ್ಲ. ಪೂಜಾರಿಗಳು ಶಕುನ ನುಡಿಯುತ್ತಾರೆ, ಆದರೆ ಯಾವ ದೇವತೆಯೂ ಬಂದು ಬಾಣವನ್ನು ತಿರುಗಿಸುವುದಿಲ್ಲ. ಮಾಡಿದ್ದು ಮಾಡಿದವನದೇ. ಕರ್ತೃವೇ ತನ್ನ ಕರ್ಮಕ್ಕೆ ಹೊಣೆ, ಅದನ್ನು ಹಂಚಿಕೊಳ್ಳಲು ಸೃಷ್ಟಿಕರ್ತನಿಲ್ಲ ಎಂದು ನಂಬುವ ಜೈನ ಓದುಗನಿಗೆ ಈ ಬದಲಾವಣೆ ಅಪರಿಚಿತವೆನಿಸದು. ಹೀಗೆ ಮಾಡುವುದರಿಂದ ಚಿತ್ರವು ತನ್ನ ವೀರರನ್ನು ಹೋಮರನಿಗಿಂತ ಕಠಿಣವಾದ ಒರೆಗಲ್ಲಿಗೆ ತಂದಿಟ್ಟಿದೆ. ಆ ಒರೆಗಲ್ಲಿಗೆ ಅವರನ್ನು ಉಜ್ಜುವ ಧೈರ್ಯ ಅದಕ್ಕಿದೆಯೇ ಎಂಬುದೇ ವಿಮರ್ಶೆಯ ವಿಷಯ.

ಹೆಕ್ಟರನ ನಿಜವಾದ ಪರೀಕ್ಷೆ ಟ್ರಾಯ್ ನಗರದ ಕೋಟೆಬಾಗಿಲಿನಲ್ಲಿ ನಡೆಯುವುದಿಲ್ಲ. ಸಮುದ್ರದ ನಡುವೆ, ಹಡಗಿನ ಮೇಲೆ ನಡೆಯುತ್ತದೆ. ಸ್ಪಾರ್ಟಾದಿಂದ ಸಂಧಿ ಮುಗಿಸಿ ಮರಳುವಾಗ, ಆ ಊರಿನ ರಾಣಿಯನ್ನು ತಮ್ಮನು ಹಡಗಿನಲ್ಲಿ ಬಚ್ಚಿಟ್ಟು ತಂದಿರುವುದು ಅವನಿಗೆ ತಿಳಿಯುತ್ತದೆ. ಆ ಕ್ಷಣ ಅವನು ಸರಿಯಾದ ಮಾತನ್ನೇ ಆಡುತ್ತಾನೆ: ಹಡಗನ್ನು ಸ್ಪಾರ್ಟಾಕ್ಕೆ ತಿರುಗಿಸಿ ಎಂದು ಆಜ್ಞೆ ಕೊಡುತ್ತಾನೆ. ಹಾಗಾದರೆ ತಾನೂ ಅವಳೊಡನೆ ಹೋಗಿ ಸಾಯುತ್ತೇನೆ ಎಂದು ಪ್ಯಾರಿಸ್ ಹೇಳಿದೊಡನೆ ಆಜ್ಞೆ ಸಡಿಲವಾಗುತ್ತದೆ. ಹಡಗು ಟ್ರಾಯ್ ಕಡೆಗೇ ಸಾಗುತ್ತದೆ. ಊರು ಸೇರಿದ ಮೇಲೆ, ಹೆಲೆನಳನ್ನು ಹಿಂದಕ್ಕೆ ಕಳುಹಿಸಬೇಕೆಂದು ತಂದೆಯ ಎದುರು ವಾದಿಸುತ್ತಾನೆ. ತಂದೆ ಒಪ್ಪುವುದಿಲ್ಲ, ಇವನು ಸುಮ್ಮನಾಗುತ್ತಾನೆ. ಗ್ರೀಕರ ಹಡಗುಗಳ ಮೇಲೆ ದಾಳಿ ಬೇಡವೆಂದು ಸಭೆಯಲ್ಲಿ ಹೇಳುತ್ತಾನೆ; ಸಭೆ ಕೇಳುವುದಿಲ್ಲ, ದಾಳಿಯ ಮುಂಚೂಣಿಯಲ್ಲಿ ಇವನೇ ನಿಲ್ಲುತ್ತಾನೆ. ಮೂರು ಬಾರಿ ಅವನು ಸತ್ಯವನ್ನು ಕಂಡಿದ್ದಾನೆ, ಮೂರು ಬಾರಿಯೂ ಅದನ್ನು ಕೈಬಿಟ್ಟಿದ್ದಾನೆ. ಅಜ್ಞಾನಿಯ ತಪ್ಪಿಗಿಂತ ಅರಿತವನ ತಪ್ಪು ಭಾರವಾದದ್ದಲ್ಲವೇ?

ಯಾದಗಿರಿ ಸೀಮೆಯ ಓದುಗನಿಗೆ ಈ ಹಡಗಿನ ಪ್ರಸಂಗ ಇನ್ನೊಬ್ಬ ಕವಿಯನ್ನು ನೆನಪಿಗೆ ತರಬೇಕು. ಪಶ್ಚಿಮಕ್ಕಿರುವ ವಿಜಯಪುರದಲ್ಲಿ ಮಲ್ಲಿನಾಥ ಜಿನಾಲಯವನ್ನು ಕಟ್ಟಿಸಿದನೆಂದು ಪ್ರಸಿದ್ಧನಾದ ನಾಗಚಂದ್ರನು ಸುಮಾರು 1100ರ ವೇಳೆಗೆ ‘ರಾಮಚಂದ್ರಚರಿತಪುರಾಣ’ವನ್ನು ಬರೆದನು. ಅವನ ರಾವಣನೂ ಪರಸ್ತ್ರೀಯನ್ನು ತಂದವನು. ಆದರೆ ಸೀತೆಯ ಅಚಲವಾದ ನಿಷ್ಠೆಯನ್ನು ಕಂಡ ಮೇಲೆ ಅವನ ಮನಸ್ಸು ತಿರುಗುತ್ತದೆ; ಪಶ್ಚಾತ್ತಾಪ ಮೂಡುತ್ತದೆ; ಅವಳನ್ನು ಒಪ್ಪಿಸಿಬಿಡಬೇಕೆಂದು ನಿಶ್ಚಯಿಸುತ್ತಾನೆ. ಈಗಲೇ ಅಲ್ಲ, ರಾಮಲಕ್ಷ್ಮಣರನ್ನು ಯುದ್ಧದಲ್ಲಿ ಗೆದ್ದು ಸೆರೆಹಿಡಿದ ಮೇಲೆ. ಆ ಒಂದು ‘ಮೇಲೆ’ ಎಂಬ ಮಾತಿನಲ್ಲಿ ಅವನ ಸರ್ವನಾಶ ಅಡಗಿದೆ. ಕಾಮ ಕಳೆದಿತ್ತು, ಮಾನ ಕಳೆದಿರಲಿಲ್ಲ. ಹೆಕ್ಟರನನ್ನು ಕಟ್ಟಿಹಾಕಿದ್ದು ಮಾನವಲ್ಲ, ತಮ್ಮನ ಮೇಲಿನ ಮೋಹ. ಮೋಹವು ಮಾನಕ್ಕಿಂತ ಮೃದುವಾಗಿ ಕಾಣುತ್ತದೆ; ಅದಕ್ಕಾಗಿಯೇ ಪ್ರೇಕ್ಷಕನು ಅದನ್ನು ಸದ್ಗುಣವೆಂದು ಎಣಿಸುತ್ತಾನೆ. ನಾಗಚಂದ್ರನು ರಾವಣನಿಗೆ ಅನುಕಂಪವನ್ನು ಧಾರಾಳವಾಗಿ ಕೊಟ್ಟನು, ಕ್ಷಮೆಯನ್ನು ಕೊಡಲಿಲ್ಲ. ಚಿತ್ರವು ಹೆಕ್ಟರನಿಗೆ ಎರಡನ್ನೂ ಕೊಟ್ಟುಬಿಡುತ್ತದೆ.

ದ್ವಂದ್ವಯುದ್ಧದ ದೃಶ್ಯದಲ್ಲಿ ಇದು ಇನ್ನೂ ಸ್ಪಷ್ಟವಾಗುತ್ತದೆ. ಚಿತ್ರದ ಆರಂಭದಲ್ಲಿಯೇ ಎರಡು ಸೇನೆಗಳು ಎದುರುಬದುರು ನಿಂತಾಗ, ಪ್ರತಿ ಪಕ್ಷದಿಂದ ಒಬ್ಬೊಬ್ಬರು ಹೋರಾಡಿ ಉಳಿದವರ ಪ್ರಾಣ ಉಳಿಸಲಿ ಎಂಬ ಒಪ್ಪಂದವಾಗುತ್ತದೆ. ಅಕಿಲೀಸನು ಒಂದೇ ಏಟಿಗೆ ಎದುರಾಳಿಯನ್ನು ಕೊಂದು ಯುದ್ಧ ಮುಗಿಸುತ್ತಾನೆ. ಮುಂದೆ ಪ್ಯಾರಿಸನೂ ಮೆನೆಲಾಸನೂ ಇಂಥದೇ ಒಪ್ಪಂದದ ಮೇಲೆ ಹೋರಾಡುತ್ತಾರೆ. ಯಾದಗಿರಿಯ ಉತ್ತರಕ್ಕಿರುವ ಮಳಖೇಡವು ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಒಂಬತ್ತನೆಯ ಶತಮಾನದಲ್ಲಿ, ಅಮೋಘವರ್ಷನ ಗುರುಗಳಾದ ಜಿನಸೇನಾಚಾರ್ಯರು ‘ಆದಿಪುರಾಣ’ದಲ್ಲಿ ವರ್ಣಿಸಿದ್ದೂ, 941ರಲ್ಲಿ ಪಂಪನು ಕನ್ನಡಕ್ಕೆ ತಂದದ್ದೂ ಇದೇ ಸನ್ನಿವೇಶವನ್ನೇ. ಭರತ ಬಾಹುಬಲಿಗಳ ಸೇನೆಗಳು ಸಾಯಬಾರದೆಂದು ಮಂತ್ರಿಗಳು ಸೂಚಿಸಿದ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳಲ್ಲಿ ರಕ್ತಕ್ಕೇ ಅವಕಾಶವಿರಲಿಲ್ಲ. ಮೂರರಲ್ಲಿಯೂ ಸೋತ ಭರತನು ಕ್ರೋಧದಿಂದ ಒಪ್ಪಂದ ಮುರಿದು ತಮ್ಮನ ಮೇಲೆ ಚಕ್ರವನ್ನು ಬಿಟ್ಟನು. ಚಕ್ರವು ಬಾಹುಬಲಿಯನ್ನು ನೋಯಿಸಲಿಲ್ಲ. ಭರತನು ಪ್ರಥಮ ಚಕ್ರವರ್ತಿ, ಆದಿತೀರ್ಥಂಕರನ ಮಗ, ಮುಂದೆ ಮೋಕ್ಷಕ್ಕೆ ಸಲ್ಲುವವನು. ಆದರೂ ಆಚಾರ್ಯರಾಗಲಿ ಕವಿಯಾಗಲಿ ಆ ಕ್ಷಣದ ಅಧರ್ಮವನ್ನು ಮುಚ್ಚಲಿಲ್ಲ.

‘ಟ್ರಾಯ್’ ಚಿತ್ರದಲ್ಲಿ ಗಾಯಗೊಂಡ ಪ್ಯಾರಿಸ್ ತೆವಳಿಕೊಂಡು ಬಂದು ಅಣ್ಣನ ಕಾಲು ಹಿಡಿಯುತ್ತಾನೆ. ಮೆನೆಲಾಸನು ಒಪ್ಪಂದದಂತೆ ಹೋರಾಟವನ್ನು ಮುಗಿಸಲು ಮುಂದಾದಾಗ ಹೆಕ್ಟರನು ಅವನನ್ನು ಇರಿದು ಕೊಲ್ಲುತ್ತಾನೆ. ಕಾವ್ಯದಲ್ಲಿ ಇದಿಲ್ಲ; ಅಲ್ಲಿ ಒಪ್ಪಂದವನ್ನು ಮುರಿಯುವವನು ಪಾಂಡರಸ್ ಎಂಬ ಬಿಲ್ಲುಗಾರ, ಮೆನೆಲಾಸನಂತೂ ಯುದ್ಧ ಮುಗಿಸಿ ಬದುಕಿ ಮನೆಗೆ ಮರಳುತ್ತಾನೆ. ಚಿತ್ರಕಥೆ ಬರೆದ ಡೇವಿಡ್ ಬೆನಿಯಾಫ್ ಈ ಅಪರಾಧವನ್ನು ತಾವಾಗಿಯೇ ಹೆಕ್ಟರನ ಕೈಗಿತ್ತಿದ್ದಾರೆ. ಆದರೆ ಕೊಟ್ಟ ಕೈಯೇ ಅದನ್ನು ತೊಳೆಯಲೂ ಆತುರಪಡುತ್ತದೆ: ದ್ವಂದ್ವದಲ್ಲಿ ಯಾರೇ ಗೆದ್ದರೂ ಅಗಮೆಮ್ನಾನನು ದಾಳಿ ಮಾಡಲು ಮೊದಲೇ ಸಿದ್ಧನಾಗಿದ್ದನೆಂದು ಪ್ರೇಕ್ಷಕನಿಗೆ ತಿಳಿಸಲಾಗಿದೆ, ಮೆನೆಲಾಸನನ್ನು ಆರಂಭದಿಂದಲೂ ಒರಟನನ್ನಾಗಿ ಚಿತ್ರಿಸಲಾಗಿದೆ. ಪರರ ಲೋಭ ದೊಡ್ಡದೆಂದು ತೋರಿಸಿದರೆ ತನ್ನ ವಚನಭಂಗ ಸಣ್ಣದಾಗುವುದೆಂಬ ತರ್ಕ ಚಿತ್ರದ್ದು. ಅಗಮೆಮ್ನಾನನ ಕರ್ಮ ಅಗಮೆಮ್ನಾನನಿಗೆ. ಹೆಕ್ಟರನ ಖಡ್ಗಕ್ಕಂಟಿದ ರಕ್ತದ ಲೆಕ್ಕ ಬೇರೆಯೇ.

ಅಕಿಲೀಸನ ಪಾತ್ರದಲ್ಲಿಯೂ ಇಂಥ ತೊಳೆಯುವ ಕೆಲಸ ನಡೆದಿದೆ. ಹೋಮರನ ಅಕಿಲೀಸನು ಗೆಳೆಯ ಪೆಟ್ರೋಕ್ಲಸನ ಚಿತೆಯ ಬಳಿ ಹನ್ನೆರಡು ಮಂದಿ ಟ್ರಾಯ್ ತರುಣರನ್ನು ಕೊಲ್ಲುತ್ತಾನೆ. ಚಿತ್ರ ಇದನ್ನು ಬಿಟ್ಟಿದೆ. ನಟ ಬ್ರಾಡ್ ಪಿಟ್‌ನ ಚೆಲುವಿಗೆ ಅದು ಒಗ್ಗದೆಂದು ತೋರಿತೇನೋ! ಅಜಾಕ್ಸನ ಗತಿಯೂ ಹೀಗೆಯೇ. ಸೋಫೋಕ್ಲಿಸನ ನಾಟಕದಲ್ಲಿ ಅವಮಾನದಿಂದ ಕೆರಳಿ, ಬುದ್ಧಿಭ್ರಮೆಗೊಂಡು, ಎಚ್ಚೆತ್ತಾಗ ನಾಚಿಕೆಯಿಂದ ತನ್ನನ್ನೇ ಕೊಂದುಕೊಳ್ಳುವ ಆ ವೀರನನ್ನು ಬಿ.ಎಂ.ಶ್ರೀಯವರು 1929ರ ‘ಅಶ್ವತ್ಥಾಮನ್’ ನಾಟಕದ ಮೂಲಕ ಕನ್ನಡಕ್ಕೆ ಒಲಿಸಿದ್ದರು. ಚಿತ್ರದಲ್ಲಿ ಅವನು ಹೆಕ್ಟರನ ಕೈಯಲ್ಲಿ ರಣರಂಗದಲ್ಲಿಯೇ ಸಾಯುತ್ತಾನೆ. ಅವನ ಕ್ರೋಧದ ಪ್ರಶ್ನೆಯೂ ಅವನೊಡನೆ ಮುಗಿದುಹೋಗುತ್ತದೆ.

ಹಾಗೆಂದು ಚಿತ್ರವನ್ನು ಪೂರ್ತಿ ತಳ್ಳಿಹಾಕುವುದು ನ್ಯಾಯವಲ್ಲ. ಮಗನ ಶವವನ್ನು ಬೇಡಲು ಪ್ರಿಯಮನು ರಾತ್ರಿ ಒಬ್ಬನೇ ಶತ್ರುವಿನ ಡೇರೆಗೆ ಬಂದು, ಮಗನನ್ನು ಕೊಂದ ಕೈಗೆ ಮುತ್ತಿಡುವ ದೃಶ್ಯ ಹೋಮರನ ಘನತೆಗೆ ಕುಂದು ತರುವುದಿಲ್ಲ. ಪೀಟರ್ ಓ’ಟೂಲ್ ಅವರ ಅಭಿನಯ ಇಡೀ ಚಿತ್ರದ ಗದ್ದಲವನ್ನು ಆ ಕೆಲವು ನಿಮಿಷ ನಿಲ್ಲಿಸುತ್ತದೆ. ಶವವನ್ನು ರಥಕ್ಕೆ ಕಟ್ಟಿ ಎಳೆದ ಅಕಿಲೀಸನು ಅದೇ ಶವದ ಮೇಲೆ ಬಾಗಿ ಅಳುತ್ತಾನೆ. ಅಂತ್ಯಕ್ರಿಯೆಗೆಂದು ಹನ್ನೆರಡು ದಿನ ಯುದ್ಧ ನಿಲ್ಲಿಸುವ ಮಾತು ಕೊಡುತ್ತಾನೆ. ಅದು ಅವನು ರಾಜನ ಅಪ್ಪಣೆ ಕೇಳದೆ ಕೊಟ್ಟ ಮಾತು. ಕೈಯಲ್ಲಿದ್ದ ಬಲವನ್ನು ಅವನು ಇಲ್ಲಿ ಬಳಸದೆ ಬಿಟ್ಟನು. ಮಲ್ಲಯುದ್ಧದಲ್ಲಿ ಎತ್ತಿದ ಅಣ್ಣನನ್ನು ನೆಲಕ್ಕೆ ಅಪ್ಪಳಿಸದ ಬಾಹುಬಲಿಯ ಪಕ್ಕದಲ್ಲಿ ಅವನನ್ನು ನಿಲ್ಲಿಸಲಾಗದು. ಬಾಹುಬಲಿ ರಾಜ್ಯವನ್ನೇ ತೊರೆದು ತಪಸ್ಸಿಗೆ ಹೋದನು, ಇವನದು ಹನ್ನೆರಡು ದಿನಗಳ ಉಪಶಮ ಮಾತ್ರ. ಆದರೂ ಕ್ರೋಧಿಯಾದ ಅಕಿಲೀಸನು ನಿಲ್ಲಬೇಕಾದೆಡೆ ಒಮ್ಮೆ ನಿಂತನು, ಶಾಂತನಾದ ಹೆಕ್ಟರನು ಹಡಗಿನ ಮೇಲೆ ನಿಲ್ಲಲಿಲ್ಲ.

ನೋಡುವವನ ಪಾಲಿನ ಒಂದು ಮಾತೂ ಇಲ್ಲಿ ಸಲ್ಲುತ್ತದೆ. ಮಾಡುವುದು, ಮಾಡಿಸುವುದು, ಅನುಮೋದಿಸುವುದು ಎಂದು ಹಿಂಸೆಯನ್ನು ಮೂರು ಬಗೆಯಾಗಿ ಶಾಸ್ತ್ರ ಎಣಿಸುತ್ತದೆ. ಜನ್ನನ ‘ಯಶೋಧರಚರಿತೆ’ಯಲ್ಲಿ ಬಲಿಯಾದದ್ದು ಹಿಟ್ಟಿನ ಕೋಳಿ, ಆದರೆ ಸಂಕಲ್ಪದ ಹಿಂಸೆ ತಾಯಿಮಗನನ್ನು ಜನ್ಮಜನ್ಮಾಂತರ ಅಲೆಸಿತು. ತೆರೆಯ ಮೇಲಿನ ರಕ್ತವೂ ಹಿಟ್ಟಿನದೇ. ಹೆಕ್ಟರನು ಮೆನೆಲಾಸನನ್ನು ಇರಿದಾಗ ಕೇಳಿಬರುವ ಚಪ್ಪಾಳೆ ಮಾತ್ರ ನಿಜವಾದದ್ದು.

ವೀರನ ಕಥೆಯನ್ನು ಕೊನೆಗೆ ಯಾರು ಹೇಳುತ್ತಾರೆ ಎಂಬ ಪ್ರಶ್ನೆ ಸುರಪುರದವರಿಗೆ ಹೊಸದಲ್ಲ. 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದು, ಸೆರೆಯಾಗಿ, ಅದೇ ವರ್ಷ ಮಡಿದ ರಾಜಾ ವೆಂಕಟಪ್ಪ ನಾಯಕನ ಅಂತ್ಯವನ್ನು ಬರೆದಿಟ್ಟವನು ಅವನು ‘ಅಪ್ಪಾ’ ಎಂದು ಕರೆಯುತ್ತಿದ್ದ ಆಂಗ್ಲ ಅಧಿಕಾರಿ ಮೆಡೋಸ್ ಟೇಲರ್. ಟೇಲರನ ಬರಹದಲ್ಲಿ ಅಕ್ಕರೆ ಇದೆ, ಆದರೂ ಅದು ಆಳುವವರ ಕಡೆಯವನ ಬರಹ. ಸುರಪುರದ ನೆನಪಿನಲ್ಲಿರುವ ನಾಯಕ ಬೇರೆಯೇ. ‘ಇಲಿಯಡ್’ ಹೆಕ್ಟರನ ಅಂತ್ಯಕ್ರಿಯೆಗೆ ನಿಂತುಬಿಡುತ್ತದೆ. ಚಿತ್ರಕ್ಕೆ ಅಷ್ಟು ಸಾಲದು. ಮರದ ಕುದುರೆ, ಮಲಗಿದ್ದ ಊರಿಗೆ ಬೆಂಕಿ, ಅಕಿಲೀಸನ ಹಿಮ್ಮಡಿಗೆ ನಾಟುವ ಬಾಣ ಎಲ್ಲವೂ ಬೇಕು. ಕೊನೆಯಲ್ಲಿ ಚಿತೆ ಉರಿಯುವಾಗ ಹೆಕ್ಟರ್ ಅಕಿಲೀಸರ ಹೆಸರು ಹೇಳಿ, ಅವರ ಕಾಲದಲ್ಲಿ ಬಾಳಿದವನು ತಾನೆಂದು ಪ್ರಶಸ್ತಿ ಓದುವವನು ಒಡಿಸ್ಯೂಸ್. ಕುದುರೆಯ ಉಪಾಯ ಹೂಡಿದವನೂ ಅವನೇ.