ಕಳೆದದ್ದಲ್ಲ, ಕಸಿದದ್ದು

ಪೊಲೀಸರ ಬಗ್ಗೆ ಹರ್ಮನ್ ಗೋಲ್ಡ್‌ಸ್ಟೈನ್ 1979ರಲ್ಲಿ ಬರೆದ ಪ್ರಬಂಧ ಶುರುವಾಗೋದು ಬಸ್ಸಿನ ಕತೆಯಿಂದ. ಇಂಗ್ಲೆಂಡಿನ ಒಂದು ಕಡೆ ಡ್ರೈವರುಗಳು ಕ್ಯೂನಲ್ಲಿ ನಿಂತವರಿಗೆ ನಗುತ್ತಾ ಕೈಬೀಸಿ ಮುಂದೆ ಹೋಗ್ತಿದ್ದರಂತೆ. ಕೇಳಿದರೆ, ಜನರನ್ನು ಹತ್ತಿಸಿಕೊಳ್ಳುತ್ತಾ ನಿಂತರೆ ಟೈಮ್‌ಟೇಬಲ್ ಪಾಲಿಸೋಕಾಗಲ್ಲ ಅನ್ನೋ ಉತ್ತರ! ಪೊಲೀಸರೂ ಹೀಗೇ ಸಿಬ್ಬಂದಿ, ಆಡಳಿತದ ಲೆಕ್ಕದಲ್ಲಿ ಮುಳುಗಿ ಜನರ ಸಮಸ್ಯೆಯನ್ನೇ ಮರೆತಿದ್ದಾರೆ ಅನ್ನೋದು ಅವರ ವಾದ. ಒಂದೇ ಥರದ ದೂರು ಮತ್ತೆ ಮತ್ತೆ ಬಂದರೆ ಬಿಡಿಬಿಡಿಯಾಗಿ ಮುಗಿಸಬೇಡಿ, ಬೇರು ಹುಡುಕಿ. ಟಿಕೆಟ್ ಕ್ಲೋಸ್ ಮಾಡೋದೇ ಕೆಲಸ ಅಂದುಕೊಂಡ ನಮ್ಮಂಥವರಿಗೂ ಚುಚ್ಚುವ ಮಾತು.

1989ರಲ್ಲಿ ಲಾರೆನ್ಸ್ ಶೆರ್ಮನ್ ಮತ್ತು ಸಂಗಡಿಗರು ಅಮೆರಿಕದ ಮಿನಿಯಾಪೊಲಿಸ್ ಪೊಲೀಸರಿಗೆ ಬಂದ ಕರೆಗಳನ್ನು ಎಣಿಸಿದರು. ಸುಮಾರು ಶೇ. 3ರಷ್ಟು ವಿಳಾಸಗಳಿಂದಲೇ ಅರ್ಧದಷ್ಟು ಕರೆ. ಅಂದರೆ ಊರಿಡೀ ಅಲೆಯಬೇಡಿ, ಆ ಮೂಲೆಗಳನ್ನು ನೋಡಿಕೊಳ್ಳಿ.

ಒಪ್ಪುತ್ತೇನೆ. ಆದರೆ ತಕರಾರೊಂದಿದೆ. ಈ ನಕ್ಷೆ ನಿಂತಿರೋದು ಕರೆಗಳ ಮೇಲೆ. ಬೊಮ್ಮನಹಳ್ಳಿಯಲ್ಲಿ, ಹೊಸೂರು ರಸ್ತೆಯ ಸರ್ವಿಸ್ ರೋಡಿನಲ್ಲಿ ರಾತ್ರಿ ನನ್ನ ಫೋನು ಕಸಿದರು. ಅಲ್ಲಿ ಬೀದಿದೀಪ ಉರಿಯಲ್ಲ. ಬೇರು ಹುಡುಕಲು ಸಂಶೋಧನೆಯೇನೂ ಬೇಕಿಲ್ಲ. ಮರುದಿನ ರಿಲೀಸ್ ಇತ್ತು, ಸಿಮ್ ಬೇಕಿತ್ತು. ಆನ್‌ಲೈನಿನಲ್ಲಿ 'ಕಳೆದುಹೋಗಿದೆ' ಅಂತ ತುಂಬಿ ಕೈತೊಳೆದುಕೊಂಡೆ. ನಮ್ಮ ಬಿಲ್ಡಿಂಗಿನ ಇನ್ನಿಬ್ಬರದೂ ಅದೇ ಜಾಗ, ಅದೇ ಕತೆ. ನಿರ್ಭಯಾ ನಿಧಿಯ ಸೇಫ್ ಸಿಟಿ ಯೋಜನೆಯಲ್ಲಿ ಬೆಂಗಳೂರಿಗೆ 7,000ಕ್ಕೂ ಹೆಚ್ಚು ಕ್ಯಾಮೆರಾ ಬಂದಿವೆ. ಮುಂದಿನದನ್ನು ಯಾವ ಕಂಬಕ್ಕೆ ಹಾಕೋದು ಅಂತ ಯಾರಾದರೂ ದೂರಿನ ಲೆಕ್ಕ ತೆಗೆದರೆ, ಆ ಮೂಲೆಯಲ್ಲಿ ಏನೂ ನಡೆದೇ ಇಲ್ಲ. ಹಾಗೆ ಬರೆದುಕೊಟ್ಟವರು ನಾವೇ ಮೂವರು.