ಗುಜರಿ ರಾಶಿಯ ಹರಳುಗಳು

ಒಳ್ಳೆಯ ಹರಳು ಅಗ್ಗಕ್ಕೆ ಬೇಕಿದ್ದರೆ ಹರಳಿನ ಅಂಗಡಿಗೆ ಹೋಗಬೇಡಿ. ಹಳೆಯ ಬೀಗ, ಕೆಟ್ಟ ರೇಡಿಯೊ, ಸೊಟ್ಟಗಾದ ಹಿತ್ತಾಳೆ ಚೊಂಬು ಮಾರುವ ಕಡೆ ಹೋಗಿ. ರಾಶಿ ನಕ್ಷತ್ರ ಕೇಳಿ ಕಲ್ಲು ಕೊಡುವ ಅಂಗಡಿಯಲ್ಲಿ ಬೆಲೆ ಕಟ್ಟುವುದು ಬಣ್ಣಕ್ಕೆ, ಹೊಳಪಿಗೆ, ಅದರ ಮೇಲೆ ಜನ ಇಟ್ಟ ನಂಬಿಕೆಗೆ. ಗುಜರಿಯವನ ಟಾರ್ಪಾಲಿನ ಮೇಲೆ ಅದೇ ಕಲ್ಲು ಒಂದು ಪೇಪರ್‌ವೆಯ್ಟ್. ಪೇಪರ್‌ವೆಯ್ಟಿನ ಬೆಲೆಗೇ ಕೊಟ್ಟುಬಿಡುತ್ತಾನೆ.

ಬೆಂಗಳೂರಿನ ಸಂಡೇ ಬಜಾರಿನಲ್ಲಿ, ಚಿಕ್ಕಪೇಟೆಯ ಆಚೀಚೆ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಬದಿಯಲ್ಲಿ, ಬೆಳಿಗ್ಗೆ ಬೇಗ ಒಂದು ಸುತ್ತು ಹಾಕಿದರೆ ಇದು ಅರ್ಥವಾಗುತ್ತದೆ. ಅಲ್ಲಿ ಯಾರೂ ಖನಿಜ ಮಾರುವುದಿಲ್ಲ. ಮಾರುವುದು ಖಾಲಿಯಾದ ಮನೆಗಳ ಸಾಮಾನು. ಆ ಮನೆಗಳಲ್ಲಿ ಒಬ್ಬರು ಗಣಿ ಎಂಜಿನಿಯರ್ ಇದ್ದಿರಬಹುದು, ಭೂವಿಜ್ಞಾನ ಪಾಠ ಮಾಡಿದ ಮೇಷ್ಟ್ರಿದ್ದಿರಬಹುದು, ಅಜಂತಾ ಪ್ರವಾಸದಲ್ಲಿ ಮಕ್ಕಳ ಹಟಕ್ಕೆ ಕಲ್ಲು ಕೊಂಡ ಸಂಸಾರವಿದ್ದಿರಬಹುದು. ಅವರ ಶೋಕೇಸಿನಲ್ಲಿದ್ದುದು ಈಗ ಸ್ಪ್ಯಾನರುಗಳ ನಡುವೆ ಬಿದ್ದಿದೆ. ಹಾಗಾಗಿ ಅಲ್ಲಿ ಕಲ್ಲನ್ನೇ ಹುಡುಕುತ್ತ ಹೋಗಬಾರದು. ಪೆನ್ನಿನ ಸ್ಟ್ಯಾಂಡು, ಆ್ಯಶ್‌ಟ್ರೇ, ಪುಸ್ತಕ ಬೀಳದಂತೆ ಒತ್ತುಕೊಡುವ ಜೋಡಿ ತುಂಡು, ಮೀನಿನ ತೊಟ್ಟಿಯ ತಳಕ್ಕೆ ಹಾಕಿದ್ದ ಉಂಡೆಗಳು, ಇವನ್ನು ನೋಡಬೇಕು. ಮುಂಬೈಯ ಚೋರ್ ಬಜಾರಿನ ಮಟನ್ ಸ್ಟ್ರೀಟಿನಲ್ಲೂ ಹೀಗೆಯೇ. ಅಲ್ಲಿ ಹಳೆಯ ಸಾಮಾನಿನ ಬೆಲೆ ಬಲ್ಲ ವ್ಯಾಪಾರಿಗಳಿದ್ದಾರೆ, ಗಡಿಯಾರ, ಗ್ರಾಮಫೋನಿಗೆ ಅವರು ರೂಪಾಯಿ ಬಿಡುವುದಿಲ್ಲ. ಕಲ್ಲಿಗೆ ಮಾತ್ರ ಅವರಲ್ಲೂ ಅಳತೆಗೋಲಿಲ್ಲ.

ಪಶ್ಚಿಮ ಮತ್ತು ದಕ್ಷಿಣ ಭಾರತದ ಗುಜರಿಗಳಲ್ಲಿ ಅತಿ ಹೆಚ್ಚು ಕಾಣಸಿಗುವುದು ದಖ್ಖನ್ ಲಾವಾದ ಹರಳುಗಳು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಇಲ್ಲಿ ಲಾವಾ ಪದರ ಪದರವಾಗಿ ಹರಿದು ಹೆಪ್ಪುಗಟ್ಟಿತು. ಒಳಗಿದ್ದ ಅನಿಲ ಗುಳ್ಳೆಗಳಾಗಿ ಉಳಿಯಿತು. ಆಮೇಲೆ ಬಿಸಿನೀರು ಬಂಡೆಯಲ್ಲಿ ಇಳಿಯುತ್ತ ಕ್ಯಾಲ್ಸಿಯಂ, ಸಿಲಿಕಾಗಳನ್ನು ಕರಗಿಸಿ ತಂದು ಆ ಗುಳ್ಳೆಗಳ ಒಳಗೋಡೆಗೆ ಹರಳು ಕಟ್ಟಿತು. ಹತ್ತೊಂಬತ್ತನೇ ಶತಮಾನದಲ್ಲಿ ಭೋರ್ ಘಾಟಿಯನ್ನು ಸೀಳಿ ರೈಲುದಾರಿ ಮಾಡಿದಾಗ ಇವು ರಾಶಿಯಾಗಿ ಹೊರಬಿದ್ದವು. ಇಂದಿಗೂ ಪುಣೆ, ನಾಸಿಕ್, ಜಳಗಾಂವ್ ಸುತ್ತಿನ ಜಲ್ಲಿ ಕ್ವಾರಿಗಳಲ್ಲಿ ಸಿಗುತ್ತವೆ. ಕ್ವಾರಿಯವರಿಗೆ ಬೇಕಾದದ್ದು ಜಲ್ಲಿ, ಹರಳು ಅದರ ಜೊತೆಗೆ ಬಂದದ್ದು.

ಇವುಗಳಲ್ಲಿ ಮೂರನ್ನು ಗುರುತಿಸಲು ಬಂದರೆ ಆರಂಭಕ್ಕೆ ಸಾಕು. ಪೀಚ್ ಬಣ್ಣದ, ನಡುವೆ ಬಿಗಿದು ಎರಡೂ ತುದಿ ಅರಳಿದ ಭತ್ತದ ಸಿವುಡಿನಂತೆ ಕಾಣುವುದು ಸ್ಟಿಲ್ಬೈಟ್. ಚೌಕಾಕಾರದ ಕಂಬಗಳಾಗಿ, ನೀರಿನಷ್ಟು ತಿಳಿಯಾಗಿ ಅಥವಾ ಎಳೆಹಸಿರಾಗಿ ನಿಂತಿರುವುದು ಅಪೊಫಿಲೈಟ್. ಕಂಬದ ನೆತ್ತಿಯನ್ನು ಬೆಳಕಿಗೆ ಓರೆ ಹಿಡಿದರೆ ಮುತ್ತಿನ ಹೊಳಪು ಬರುತ್ತದೆ, ಬದಿಗಳಲ್ಲಿ ಬರುವುದಿಲ್ಲ. ಬಿಳಿಯ ಸೂಜಿಗಳು ಒಂದೇ ಬುಡದಿಂದ ಸಿಡಿದಂತಿದ್ದರೆ ಅದು ಸ್ಕೋಲೆಸೈಟ್ ಅಥವಾ ಅದರ ದಾಯಾದಿ ಮೆಸೊಲೈಟ್. ಈ ಸೂಜಿ ಹರಳು ಮುರಿಯದೆ ಗುಜರಿ ಸೇರುವುದು ಅಪರೂಪ. ಪೂರ್ತಿಯಾಗಿ ಸಿಕ್ಕರೆ ಚೌಕಾಸಿ ಮಾಡದೆ ಕೊಳ್ಳಿ.

ನಾಲ್ಕನೆಯದೊಂದಿದೆ, ಕ್ಯಾವನ್ಸೈಟ್. ಕಡುನೀಲಿ ಗುಂಡುಗಳು ಬಿಳಿ ಸ್ಟಿಲ್ಬೈಟಿನ ಮೇಲೆ ಕೂತಿರುತ್ತವೆ. 1967ರಲ್ಲಿ ಅಮೆರಿಕದ ಆರೆಗಾನಿನಲ್ಲಿ ಮೊದಲು ಸಿಕ್ಕಿದ ಈ ಖನಿಜದ ಅತ್ಯುತ್ತಮ ಮಾದರಿಗಳು ಬಂದದ್ದು ಪುಣೆ ಪಕ್ಕದ ವಾಘೋಲಿಯ ಕ್ವಾರಿಗಳಿಂದ. ನೀಲಿ ಬಂದದ್ದು ವೆನೇಡಿಯಂನಿಂದ. ಗುಜರಿಯಲ್ಲಿ ನೀಲಿ ಕಂಡಾಗ ಮಾತ್ರ ಭೂತಗನ್ನಡಿ ತೆಗೆಯಲೇಬೇಕು. ಬಣ್ಣ ಹಾಕಿದ ಕಲ್ಲಿನಲ್ಲಿ ಬಣ್ಣ ಬಿರುಕುಗಳಲ್ಲಿ ಗಟ್ಟಿಯಾಗಿ ನಿಂತು ಮೇಲ್ಮೈಯಲ್ಲಿ ತೆಳುವಾಗಿರುತ್ತದೆ, ಉಗುರುಬಣ್ಣ ತೆಗೆಯುವ ದ್ರವ ಸೋಕಿಸಿದ ಹತ್ತಿಗೆ ಎಷ್ಟೋ ಸಲ ಅಂಟುತ್ತದೆ. ಕ್ಯಾವನ್ಸೈಟಿನಲ್ಲಿ ಗುಂಡು ಬೇರೆಯೇ ಹರಳು, ಅದರ ಬುಡದ ಬಿಳಿಗೆ ನೀಲಿ ಹರಿದಿರುವುದಿಲ್ಲ.

ಕರ್ನಾಟಕದವರಿಗೆ ಇದಕ್ಕಿಂತ ಹತ್ತಿರದ ಕಲ್ಲೊಂದಿದೆ. ಅದರ ಮೇಲೆ ನನಗೆ ಹೆಚ್ಚಿನ ಪ್ರೀತಿ. ಹಸಿರು ಹಾಸಿನ ಮೇಲೆ ಗುಲಾಬಿಗೆಂಪಿನ ಚುಕ್ಕೆಗಳಿರುವ ಆ ಕಲ್ಲು ಉಂಡೆಯಾಗಿ, ಮೊಟ್ಟೆಯಾಗಿ, ಕೈತೊಳೆದ ಸೋಪಿನ ಆಕಾರದಲ್ಲಿ ಹೊಳಪುಕೊಟ್ಟು ಲೋಕದ ಎಲ್ಲ ಕಡೆ ಮಾರಾಟವಾಗುತ್ತದೆ. ಕೆಂಪು ಚುಕ್ಕೆ ಮಾಣಿಕ್ಯ. ಪಾರದರ್ಶಕವಲ್ಲದ, ಉಂಗುರಕ್ಕೆ ಬಾರದ, ಆದರೆ ನಿಜವಾದ ಮಾಣಿಕ್ಯ. ಹಸಿರು ಫುಕ್ಸೈಟ್, ಅಂದರೆ ಕ್ರೋಮಿಯಂ ಸೇರಿದ ಕಾಗೆಬಂಗಾರ. ಮೈಸೂರು ಸೀಮೆಯ ಹಳೆಯ ಶಿಲೆಗಳ ಕೊಡುಗೆ ಇದು. ಎರಡಕ್ಕೂ ಬಣ್ಣ ಕೊಟ್ಟದ್ದು ಒಂದೇ ಧಾತು: ಮಾಣಿಕ್ಯದ ಖನಿಜವಾದ ಕುರಂದದೊಳಗೆ ಸೇರಿದ ಕ್ರೋಮಿಯಂ ಕೆಂಪಾಗಿ, ಕಾಗೆಬಂಗಾರದೊಳಗೆ ಸೇರಿದ ಕ್ರೋಮಿಯಂ ಹಸಿರಾಗಿ ಕಾಣುತ್ತದೆ. ಒಂದೇ ಅಂಗೈಯಲ್ಲಿ ಇವೆರಡನ್ನೂ ಹಿಡಿದು ನೋಡುವ ಅವಕಾಶ ಬೇರೆ ಎಷ್ಟು ಕಲ್ಲುಗಳಲ್ಲಿದೆ?

ಇದನ್ನೇ ಹೋಲುವ ಇನ್ನೊಂದು ಕಲ್ಲು ಟಾಂಜಾನಿಯಾದ್ದು. ಅದರಲ್ಲಿ ಹಸಿರು ಭಾಗ ಜೊಯ್ಸೈಟ್, ನಡುನಡುವೆ ಹಾರ್ನ್‌ಬ್ಲೆಂಡಿನ ಕಪ್ಪು ಕಲೆ. ಮಾರುವವರು ಎರಡಕ್ಕೂ ಒಂದೇ ಹೆಸರು ಹೇಳುತ್ತಾರೆ. ಬೇರೆ ಮಾಡುವುದು ಸುಲಭ. ಫುಕ್ಸೈಟಿನ ಗಡಸುತನ ಮೋಸ್ ಮಾಪಕದಲ್ಲಿ 2ರಿಂದ 3, ಚಾಕುವಿನ ಮೊನೆಗೆ ತಕ್ಷಣ ಗೀರು ಬೀಳುತ್ತದೆ. ಜೊಯ್ಸೈಟಿನದು 6ರಿಂದ 7, ಚಾಕು ಜಾರುತ್ತದೆ. ನಮ್ಮ ಕಲ್ಲಿನಲ್ಲಿ ಮಾಣಿಕ್ಯದ ಸುತ್ತ ಎಷ್ಟೋ ಸಲ ತೆಳುನೀಲಿಯ ಅಂಚಿರುತ್ತದೆ, ಅದು ಕಯನೈಟ್. ಕತ್ತರಿಸಿದ ಮುಖದಲ್ಲಿ ಆರು ಮೂಲೆಯ ಕೆಂಪು, ಅದರ ಸುತ್ತ ನೀಲಿ, ಆಚೆಗೆ ಮಿನುಗುವ ಹಸಿರು ಕಂಡರೆ ನೀವು ಹುಡುಕುತ್ತಿದ್ದುದು ಅದೇ. ನೋಟು ಪರೀಕ್ಷಿಸುವ ಅತಿನೇರಳೆ ಟಾರ್ಚು ಜೇಬಿನಲ್ಲಿದ್ದರೆ ಮೇಜಿನ ನೆರಳಿನಲ್ಲಿ ಬಿಟ್ಟು ನೋಡಿ, ಮಾಣಿಕ್ಯ ಕೆಂಪಾಗಿ ಹೊಳೆಯಬಹುದು. ಹೊಳೆಯದಿದ್ದರೆ ಸುಳ್ಳೆಂದಲ್ಲ, ಕಬ್ಬಿಣದ ಅಂಶ ಹೆಚ್ಚಿದ್ದರೆ ಆ ಹೊಳಪು ಅಡಗುತ್ತದೆ.

ಮೈಸೂರು ಸೀಮೆಯ ನಕ್ಷತ್ರ ಮಾಣಿಕ್ಯವೂ ಹಳೆಯ ಉಂಗುರಗಳಲ್ಲಿ ಬರುವುದುಂಟು. ಮಂಕು ನೇರಳೆಗೆಂಪಿನ ಗುಮ್ಮಟ, ಮೊಬೈಲಿನ ಒಂದೇ ದೀಪವನ್ನು ನೇರ ಮೇಲೆ ಹಿಡಿದಾಗ ಆರು ಕಾಲಿನ ನಕ್ಷತ್ರ. ನಕ್ಷತ್ರ ಗೆರೆ ಎಳೆದಷ್ಟು ಚೂಪಾಗಿ, ಬಣ್ಣ ಒಂದೇ ಸಮವಾಗಿ ಇದ್ದರೆ ಅನುಮಾನಿಸಿ. 1947ರಿಂದ ಅಮೆರಿಕದ ಲಿಂಡೆ ಕಂಪನಿ ಕಾರ್ಖಾನೆಯಲ್ಲೇ ನಕ್ಷತ್ರದ ಮಾಣಿಕ್ಯ, ನೀಲಗಳನ್ನು ತಯಾರಿಸಿ ಮಾರಿತ್ತು. ನೆಲದಿಂದ ಬಂದ ಕಲ್ಲಿನ ಬೆನ್ನು ತಿರುಗಿಸಿದರೆ ಒರಟು, ಬಿರುಕು, ಕೆಲವೊಮ್ಮೆ ಒಂದರೊಳಗೊಂದು ಕೂತ ಷಟ್ಕೋನದ ಗೆರೆಗಳು ಕಾಣುತ್ತವೆ.

ಚೀಲದಲ್ಲಿ ಹೆಚ್ಚು ಸಾಮಾನು ಬೇಕಿಲ್ಲ. ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಮಸೂರ, ಸಣ್ಣ ಅಯಸ್ಕಾಂತ, ಬಚ್ಚಲಿನ ಟೈಲ್ಸಿನ ಒಡೆದ ಚೂರು. ಟೈಲ್ಸಿನ ಹೊಳೆಯುವ ಮುಖ ಬೇಡ, ಹಿಂದಿನ ಒರಟು ಮುಖ ಬೇಕು. ಸಂಡೂರಿನ ಹೆಮಟೈಟ್ ಕಣ್ಣಿಗೆ ಉಕ್ಕಿನ ಬಣ್ಣದ್ದಾದರೂ ಟೈಲ್ಸಿನ ಮೇಲೆ ಎಳೆದರೆ ಗೆರೆ ಕೆಂಪುಕಂದು. ಕುದುರೆಮುಖದ ಅದಿರಿನ ಮ್ಯಾಗ್ನೆಟೈಟ್ ಕಪ್ಪು ಗೆರೆ ಬಿಟ್ಟು ಅಯಸ್ಕಾಂತಕ್ಕೆ ಗಟ್ಟಿಯಾಗಿ ಅಂಟುತ್ತದೆ. ಚಿನ್ನದ ಬಣ್ಣದ ಪೈರೈಟಿನ ಗೆರೆ ಹಸಿರುಗಪ್ಪು. ಗೆರೆ ಎಳೆಯುವ ಮೊದಲು ಅಂಗಡಿಯವನನ್ನು ಕೇಳಬೇಕು, ಎಳೆಯುವುದೂ ತಳದ ಮೂಲೆಯಲ್ಲಿ. ಉಳಿದದ್ದನ್ನು ಕೈಯೇ ಹೇಳುತ್ತದೆ. ಬಿಳಿ ಕಲ್ಲೊಂದು ತನ್ನ ಗಾತ್ರಕ್ಕೆ ಮೀರಿ ಭಾರವಾಗಿದ್ದರೆ ಬೆಣಚುಕಲ್ಲಲ್ಲ, ಬಹುಶಃ ಆಂಧ್ರದ ಮಂಗಂಪೇಟೆಯಂಥ ಗಣಿಯ ಬೆರೈಟ್. ಬೆಣಚಿನ ಸಾಂದ್ರತೆ 2.65, ಬೆರೈಟಿನದು ಸುಮಾರು 4.5. ಕಂದು ಗಾಜಿನೊಳಗೆ ಚಿನ್ನದ ಪುಡಿ ಎಲ್ಲೆಡೆ ಒಂದೇ ಸಮ ಮಿನುಗುವ ‘ಸನ್‌ಸ್ಟೋನ್’ ತಾಮ್ರದ ಚೂರುಗಳಿರುವ ಗಾಜು. ಚೆಂದವಿದೆ, ಗಾಜಿನ ಬೆಲೆ ಕೊಡಿ. ಕಣ್ಣು ಕುಕ್ಕುವ ನೀಲಿ, ಗುಲಾಬಿ ಅಗೇಟ್ ಬಿಲ್ಲೆಗಳಿಗೆ ಬಣ್ಣ ಹಾಕಿರುತ್ತಾರೆ. ಖಂಭಾತಿನ ಕೆಂಪು ಅಗೇಟನ್ನು ಇವುಗಳ ಸಾಲಿಗೆ ಸೇರಿಸಬೇಡಿ. ಅಲ್ಲಿ ಕಲ್ಲನ್ನು ಕಾಯಿಸಿ ಕೆಂಪು ಬರಿಸುವುದು ಹರಪ್ಪ ಕಾಲದಿಂದ ಬಂದ ವಿದ್ಯೆ, ಆ ಕೆಂಪು ಕಲ್ಲಿನೊಳಗಿನ ಕಬ್ಬಿಣದ್ದೇ.

ಇಷ್ಟೆಲ್ಲ ಹೇಳಿದ ಮೇಲೂ ಗುಜರಿಯಲ್ಲಿ ನಾನು ಮೊದಲು ಹುಡುಕುವುದು ಹರಳನ್ನಲ್ಲ, ಮರದ ಪೆಟ್ಟಿಗೆಯನ್ನು. ಒಳಗೆ ಚೌಕ ಚೌಕ ಮನೆ, ಮನೆಗೊಂದು ಕಲ್ಲು, ಕಲ್ಲಿನ ಮೇಲೆ ಬಿಳಿ ಬಣ್ಣದ ಚುಕ್ಕೆ, ಅದರ ಮೇಲೆ ಮಸಿಯಲ್ಲಿ ಒಂದು ಅಂಕಿ, ಮುಚ್ಚಳದ ಒಳಗಡೆ ಆ ಅಂಕಿಗಳ ಪಟ್ಟಿ. ಕಾಲೇಜುಗಳಲ್ಲಿ ಪಾಠಕ್ಕೆ ಬಳಸುತ್ತಿದ್ದ ಪೆಟ್ಟಿಗೆ ಇದು. ಕೊಳ್ಳುವವರು ಪೆಟ್ಟಿಗೆಯನ್ನು ಮಸಾಲೆ ಡಬ್ಬಕ್ಕೆಂದೋ ಒಡವೆಗೆಂದೋ ತೆಗೆದುಕೊಂಡು ಕಲ್ಲುಗಳನ್ನು ಅಲ್ಲೇ ಸುರಿದು ಹೋಗುತ್ತಾರೆ. ಅದನ್ನು ನೋಡಿದಾಗ ನನಗೆ ನಿಜವಾಗಿ ಸಂಕಟವಾಗುತ್ತದೆ. ಪಟ್ಟಿಯಿಂದ ಬೇರೆಯಾದ ಬೆಣಚುಕಲ್ಲು ಊರ ತುಂಬ ಸಿಗುವ ಬೆಣಚುಕಲ್ಲು. ಪಟ್ಟಿಯಲ್ಲಿ ಕೋಲಾರದ ಗಣಿಯ ಹೆಸರೂ ಆಳವೂ ಇದ್ದರೆ ಅದೇ ಬೂದುಬಣ್ಣದ ತುಂಡನ್ನು ಇನ್ನೊಮ್ಮೆ ತರಲಾಗದು, ಯಾಕೆಂದರೆ ಮೂರು ಕಿಲೋಮೀಟರಿಗೂ ಆಳ ಇಳಿದಿದ್ದ ಆ ಸುರಂಗಗಳು 2001ರಲ್ಲಿ ಮುಚ್ಚಿದವು. ಕುದುರೆಮುಖದಲ್ಲೂ 2005ರ ಕೊನೆಗೆ ಗಣಿಗಾರಿಕೆ ನಿಂತಿತು.

ಹಳೆಯ ಚೀಟಿಗಳಲ್ಲಿ ತಾರೀಖಿಲ್ಲದಿದ್ದರೂ ಕಾಲ ತಿಳಿಯುತ್ತದೆ. ‘ಮೈಸೂರು ರಾಜ್ಯ’ ಎಂದಿದ್ದರೆ 1973ರ ನವೆಂಬರಿಗಿಂತ ಹಿಂದಿನದೆಂದು ಸಾಮಾನ್ಯವಾಗಿ ತಿಳಿಯಬಹುದು. ಬಾಲಾಘಾಟಿನ ಮ್ಯಾಂಗನೀಸಿನ ಪಕ್ಕ ‘ಸಿ.ಪಿ.’ ಎಂದಿದ್ದರೆ ಸೆಂಟ್ರಲ್ ಪ್ರಾವಿನ್ಸಸ್ ಇದ್ದ ಕಾಲದ್ದು, ಅಂದರೆ 1950ಕ್ಕೂ ಹಿಂದಿನದು. ಹಾಗಾಗಿ ಮನೆಗೆ ತಂದ ಕೂಡಲೇ ಸೋಪುನೀರಿನಲ್ಲಿ ಉಜ್ಜಬೇಡಿ, ಅಂಕಿ ಅಳಿದುಹೋದೀತು. ಚೀಟಿಯೇ ಇಲ್ಲದ ಕಲ್ಲಾದರೆ ಹೊಸದು ಬರೆದಿಡಿ: ಯಾವ ಸಂತೆ, ಯಾವ ದಿನ, ಎಷ್ಟು ಕೊಟ್ಟಿರಿ, ಮಾರಿದವನು ಎಲ್ಲಿಂದ ಬಂತೆಂದ. ಮೂಲ ಗೊತ್ತಿಲ್ಲದಿದ್ದರೆ ಗೊತ್ತಿಲ್ಲವೆಂದೇ ಬರೆಯಿರಿ. ಊಹೆಯ ಊರು ಖಾಲಿ ಚೀಟಿಗಿಂತ ಕೆಟ್ಟದ್ದು.

ಕೆಲವನ್ನು ಮುಟ್ಟದಿರುವುದೇ ಒಳ್ಳೆಯದು. ಎಳೆ ಎಳೆಯಾಗಿ ಬಿಡಿಸಿಬರುವ ರೇಷ್ಮೆಯಂಥ ಕಲ್ಲು ಆಸ್ಬೆಸ್ಟಾಸ್ ಆಗಿರಬಹುದು, ಹಾಸನದ ಹೊಳೆನರಸೀಪುರದ ಕಡೆಯೂ ಅದಿದೆ. ಇಂಗಳೀಕದಲ್ಲಿ ಪಾದರಸ, ಹರಿದಳದಲ್ಲಿ ಆರ್ಸೆನಿಕ್. ಕೆತ್ತನೆಯ ಹಳೆಯ ಕಲ್ಲು, ವೀರಗಲ್ಲಿನ ಚೂರು, ಮೂರ್ತಿಯ ಕೈ ಇಂಥವು ಸಿಕ್ಕರೆ ಅಗ್ಗವೆಂದು ಎತ್ತಿಕೊಳ್ಳಲೇಬೇಡಿ. 1972ರ ಕಾಯ್ದೆಯಂತೆ ನೂರು ವರ್ಷ ದಾಟಿದ ಶಿಲ್ಪ ಪ್ರಾಚ್ಯವಸ್ತು, ಅದರ ವ್ಯಾಪಾರಕ್ಕೆ ಪರವಾನಗಿ ಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಅದು ಯಾವುದೋ ಊರಿನದು. ಪೈರೈಟ್ ಕೊಂಡರೆ ಕರಾವಳಿಯವರು, ಮಲೆನಾಡಿನವರು ಮಳೆಗಾಲಕ್ಕೆ ಮೊದಲೇ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ತೇವ ತಗುಲಿದರೆ ಬಿಳಿ ಪುಡಿ ಎದ್ದು, ಗಂಧಕಾಮ್ಲ ಒಸರಿ ಪಕ್ಕದ ಚೀಟಿಯನ್ನೂ ತಿಂದುಹಾಕುತ್ತದೆ.

ಬೆಲೆಯ ವಿಷಯ. ನಾಲ್ಕು ಸಾಮಾನಿನ ಜೊತೆ ಕಲ್ಲನ್ನೂ ಸೇರಿಸಿ ಒಟ್ಟು ಎಷ್ಟೆಂದು ಕೇಳುವ ಜಾಣತನ ಎಲ್ಲರಿಗೂ ಗೊತ್ತು. ನಾನು ಅದನ್ನು ಬಿಟ್ಟಿದ್ದೇನೆ. ಕಲ್ಲನ್ನೇ ಕೈಯಲ್ಲಿ ಹಿಡಿದು ಬೆಲೆ ಕೇಳುತ್ತೇನೆ, ದುಡ್ಡು ಕೊಟ್ಟಾದ ಮೇಲೆ ಅದು ಏನು, ಎಲ್ಲಿಯದಿರಬಹುದು, ಹೇಗೆ ಗುರುತು ಹಿಡಿದೆ ಎಂದು ಅಂಗಡಿಯವರಿಗೆ ತೋರಿಸುತ್ತೇನೆ. ಮಸೂರ ಅವರ ಕೈಗೂ ಕೊಡುತ್ತೇನೆ. ಹೀಗೆ ಮಾಡಿದರೆ ಮುಂದಿನ ಸಲ ಬೆಲೆ ಏರುತ್ತದೆಂದು ಗೆಳೆಯರು ಎಚ್ಚರಿಸುತ್ತಾರೆ. ಏರುತ್ತದೆ, ಹೌದು. ಆದರೆ ಮುಂದಿನ ಸಲ ಅಂಥ ಕಲ್ಲು ಬಂದಾಗ ಅವರು ಅದನ್ನು ನಟ್ಟು ಬೋಲ್ಟುಗಳ ರಾಶಿಗೆ ಎಸೆಯದೆ ಹಳೆಯ ಪೇಪರಿನಲ್ಲಿ ಸುತ್ತಿ ಬೇರೆ ಇಟ್ಟಿರುತ್ತಾರೆ, ಜೊತೆಗೆ ಬಂದ ಚೀಟಿಯನ್ನೂ.