ಮೂರು ಮಿಲಿಮೀಟರಿನ ತಕರಾರು

ಕಳೆದ ವಾರ ಕೊಟ್ಟ ಮಾತಿನಂತೆ ಈ ಸಲ ಪ್ರಶ್ನೋತ್ತರ. ಬರಹ ಸಂಜೆಯೊಳಗೆ ಕೈಸೇರಬೇಕೆಂದು ಸಂಪಾದಕರ ಫೋನ್ ಆಗಲೇ ಬಂದಿದೆ. ಸುಲಭದ್ದನ್ನು ಮೊದಲು ಮುಗಿಸಿಬಿಡುತ್ತೇನೆ.

ಮೇಲೆ ತಂತಿಯಿಲ್ಲದೆ ಮಾದರಿ ರೈಲು ಓಡುವುದು ಹೇಗೆ? ಎರಡು ಹಳಿಗಳೇ ಎರಡು ತಂತಿ. ಧನ ಒಂದರಲ್ಲಿ, ಋಣ ಇನ್ನೊಂದರಲ್ಲಿ, ನಡುವೆ 12 ವೋಲ್ಟ್. ಗಾಲಿಗಳು ಅದನ್ನು ಮೋಟಾರಿಗೆ ದಾಟಿಸುತ್ತವೆ. ಹಳಿಯ ಮೇಲೆ ಧೂಳು ಕೂತರೆ ರೈಲೂ ಕೂತಂತೆಯೇ. ಜೀವನ್ ಬಿಮಾ ನಗರದ ಮುಖ್ಯರಸ್ತೆಗೆ ಕಿಟಕಿ ತೆರೆದಿಟ್ಟುಕೊಂಡು ಈ ಹವ್ಯಾಸ ಹಿಡಿಯುವವರು ಸ್ಪಿರಿಟ್ಟು, ಬಟ್ಟೆ ಪಕ್ಕದಲ್ಲೇ ಇಟ್ಟುಕೊಳ್ಳಲಿ.

ಡೀಸೆಲ್ ಎಂಜಿನ್ನಿಗೂ ಲಾರಿಯ ಹಾಗೆ ಗೇರು ಹಾಕುತ್ತಾರೆಯೇ? ಇಲ್ಲ. ಕೆ.ಆರ್. ಪುರದ ಶೆಡ್ಡಿನ ಎಂಜಿನ್ನುಗಳು ಡೀಸೆಲ್ ಸುಡುವುದು ಕರೆಂಟು ಹುಟ್ಟಿಸಲಿಕ್ಕೆ. ಗಾಲಿ ತಿರುಗಿಸುವುದು ಅಚ್ಚಿಗೆ ಜೋಡಿಸಿದ ಮೋಟಾರು.

ಮಾದರಿ ಎಂಜಿನ್ ನಿಂತಲ್ಲಿಂದ ಚಂಗನೆ ನೆಗೆಯುವುದೇಕೆ? ಇದು ಒಳ್ಳೆಯ ಪ್ರಶ್ನೆ. ಎಚ್‌ಒ ಅಳತೆಯಲ್ಲಿ ಉದ್ದ, ಅಗಲ, ಎತ್ತರ ಮೂರೂ 87ರಲ್ಲಿ ಒಂದು ಪಾಲಿಗೆ ಇಳಿಯುತ್ತವೆ. ಅಂದಮೇಲೆ ತೂಕ 87ನ್ನು ಮೂರು ಸಲ ಗುಣಿಸಿದಷ್ಟು ಪಾಲು ಇಳಿಯಬೇಕು. 123 ಟನ್ನಿನ ಡಬ್ಲ್ಯುಎಪಿ-7 ಎಂಜಿನ್ ಆ ಲೆಕ್ಕದಲ್ಲಿ ಬರೀ 187 ಗ್ರಾಂ. ಅಷ್ಟಕ್ಕೆ ಹಳಿಯ ಮೇಲೆ ಹಿಡಿತ ಸಾಲದೆಂದು ತಯಾರಕರು ಒಳಗೆ ಲೋಹದ ಗಟ್ಟಿ ತುಂಬುತ್ತಾರೆ. ತುಂಬಿದರೂ ನಿಜವಾದ ರೈಲಿನ ಆ ಗಜಗಮನ ಬರುವುದಿಲ್ಲ. ರೆಗ್ಯುಲೇಟರಿನ ಮೇಲೆ ನಿಮ್ಮ ಬೆರಳೇ ತಾಳ್ಮೆ ಕಲಿಯಬೇಕು.

ಇನ್ನು ಕೊನೆಯದು. ‘ಅಂಗಡಿಯಲ್ಲಿ ಸಿಗುವ ಎಚ್‌ಒ ಹಳಿ ನಮ್ಮ ರೈಲಿಗೆ ಸಾಕಲ್ಲವೇ, ಮೂರು ಮಿಲಿಮೀಟರ್ ಯಾರಿಗೆ ಕಾಣುತ್ತೆ?’

ನನಗೆ ಕಾಣುತ್ತದೆ. ನಮ್ಮ ಬ್ರಾಡ್‌ಗೇಜ್ 1676 ಮಿಲಿಮೀಟರ್. 87ರಿಂದ ಭಾಗಿಸಿ: 19ಕ್ಕೆ ತುಸು ಮೇಲೆ. ಡಬ್ಬದಲ್ಲಿ ಬರುವುದು 16.5. ಅದು ಯುರೋಪು, ಅಮೆರಿಕದ 1435 ಮಿಲಿಮೀಟರ್ ಹಳಿಯ ಕುಗ್ಗಿದ ರೂಪ. ಅದರ ಮೇಲೆ ನಮ್ಮ ಎಂಜಿನ್ ನಿಲ್ಲಿಸಿ ಎದುರಿನಿಂದ ನೋಡಿ. ಗಾಲಿಗಳೆಲ್ಲ ಒಳಗೆ ಸೇರಿಕೊಂಡು, ಭುಜ ಅಗಲ ಕಾಲು ಸಣ್ಣ ಎಂಬಂತೆ ನಿಂತಿರುತ್ತದೆ. 1864ರಿಂದ ದಂಡಿನ ಸ್ಟೇಷನ್ನಿನಲ್ಲಿ ಬ್ರಾಡ್‌ಗೇಜ್ ರೈಲು ನೋಡುತ್ತ ಬಂದ ಊರಿನವರು ನಾವು. ಇಷ್ಟೂ ಕಾಣದಿದ್ದರೆ ಹೇಗೆ?

ಇಷ್ಟು ಹೇಳಿದರೆ ಆಲ್ಪ್ಸ್ ಪಂಥದವರು ನಗುತ್ತಾರೆ. ಅವರ ಪರಿಚಯ ಹಳೆಯ ಓದುಗರಿಗೆ ಉಂಟು: ಬೆಂಗಳೂರಿನ ಫ್ಲಾಟಿನಲ್ಲಿ ಹಿಮಗಿರಿ ಕಟ್ಟಿ, ಪ್ಲಾಸ್ಟಿಕ್ ಹಸುಗಳಿಗೆ ಗಂಟೆ ತೂಗಿಸಿ, ನಮ್ಮ ರೈಲು ಮಾದರಿಗೆ ಒಗ್ಗುವುದಿಲ್ಲ ಎಂದು ತೀರ್ಪು ಕೊಡುವವರು. ಅವರ ಮಾತಿನಲ್ಲೂ ಒಂದಿಷ್ಟು ನಿಜವಿದೆ, ಒಪ್ಪುತ್ತೇನೆ. ನಮ್ಮ ಬ್ರಾಡ್‌ಗೇಜಿನ ಅತಿ ಬಿಗಿ ತಿರುವಿನ ತ್ರಿಜ್ಯವೇ 175 ಮೀಟರ್. ಎಚ್‌ಒದಲ್ಲಿ ಅದು ಎರಡು ಮೀಟರ್. ರೈಲು ಒಂದು ಸುತ್ತು ಬರಬೇಕಾದರೆ ನಾಲ್ಕು ಮೀಟರ್ ಅಗಲ ಬೇಕು. ಮೂವತ್ತು-ನಲವತ್ತರ ಸೈಟಿನ ಹತ್ತಡಿ ಕೋಣೆಯಲ್ಲಿ ಗೋಡೆ ಒಡೆಯಬೇಕಾದೀತು.

ಹಾಗಾದರೆ 16.5ರ ಹಳಿ ಸುಳ್ಳಾಗದ ರೈಲು ಬೆಂಗಳೂರಿನಲ್ಲಿ ಇಲ್ಲವೇ? ಇಂದಿರಾನಗರದ ಕಂಬಗಳ ಮೇಲೇ ಓಡಾಡುತ್ತಿದೆ. ನಮ್ಮ ಮೆಟ್ರೊ 1435ರ ಹಳಿಯದು. ಕರೆಂಟು ಬರುವುದು ಪಕ್ಕದ ಮೂರನೇ ಹಳಿಯಿಂದ, ಹಾಗಾಗಿ ಮೇಲೆ ತಂತಿ ಎಳೆಯುವ ಕಾಟವೂ ಇಲ್ಲ. 2011ರ ಅಕ್ಟೋಬರಿನಲ್ಲಿ ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ಹೊರಟ ಆ ಮೂರು ಬೋಗಿಯ ರೈಲು ಎಚ್‌ಒದಲ್ಲಿ ಮುಕ್ಕಾಲು ಮೀಟರಿನ ಆಸುಪಾಸು. ಬೋಗಿ ಕಟ್ಟಿದ ಬಿಇಎಂಎಲ್ ಇರುವುದು ನಮ್ಮ ಮಗ್ಗುಲಿನ ನ್ಯೂ ತಿಪ್ಪಸಂದ್ರದಲ್ಲಿ. ಎಲ್ಲ ಸರಿ, ಆದರೆ ಆಡಿಸುವುದಕ್ಕೆ ಬೇಸರ. ಶಂಟಿಂಗ್ ಇಲ್ಲ, ಗೂಡ್ಸ್ ಇಲ್ಲ, ಕ್ರಾಸಿಂಗಿಗೆಂದು ಕಾಯುವುದೂ ಇಲ್ಲ. ಹೋಗು, ಬಾ, ಹೋಗು.

ಮೆಟ್ರೊ ಬೇಕೆಂದು ಕನಸು ಕಂಡ ಶಂಕರನಾಗ್ ನೆನಪಾದರು. ನನ್ನ ಆಯ್ಕೆ ಅವರದೇ ಇನ್ನೊಂದು ಸ್ಟೇಷನ್: ‘ಮಾಲ್ಗುಡಿ ಡೇಸ್’ಗಾಗಿ ಮಾಲ್ಗುಡಿಯಾದ ಅರಸಾಳು. ಶಿವಮೊಗ್ಗ–ತಾಳಗುಪ್ಪ ಮಾರ್ಗ ಆಗ ಮೀಟರ್‌ಗೇಜು. ಸಾವಿರ ಮಿಲಿಮೀಟರನ್ನು 87ರಿಂದ ಭಾಗಿಸಿದರೆ ಹನ್ನೊಂದೂವರೆ. ಹನ್ನೆರಡರ ಹಳಿ ಸಿದ್ಧವಾಗಿ ಸಿಗುತ್ತದೆ, ಅರ್ಧ ಮಿಲಿಮೀಟರಿಗೆ ನಾನೂ ಜಗಳಕ್ಕೆ ನಿಲ್ಲುವುದಿಲ್ಲ. ಆ ಹಳಿ ಯಾರಿಗಾಗಿ ತಯಾರಾಗುತ್ತದೆ ಗೊತ್ತೇ? ಸ್ವಿಟ್ಜರ್ಲೆಂಡಿನ ಬೆಟ್ಟದ ರೈಲುಗಳ ಮಾದರಿಗೆ! ಅವೂ ಮೀಟರ್‌ಗೇಜೇ. ಆಲ್ಪ್ಸ್ ಪಂಥದ ಕಪಾಟಿನಲ್ಲೇ ಮಲೆನಾಡಿನ ಹಳಿ ಇಷ್ಟು ವರ್ಷ ಧೂಳು ತಿನ್ನುತ್ತಿತ್ತು ಅನ್ನಿ.

ಅರಸಾಳಿಗೆ ಬೇಕಾದದ್ದು ಹೆಚ್ಚಲ್ಲ. ಒಂದು ಹೆಂಚಿನ ಮನೆ, ತಗ್ಗಿನ ಪ್ಲಾಟ್‌ಫಾರಂ, ಒಂದು ಲೂಪು, ಹಿಂದೆ ಕಾಡು. ಹೆಂಚಿಗೆ ಕೆಂಪನ್ನೇ ಬಳಿದು ಬಿಡಬೇಡಿ. ಮಳೆ ಬೀಳುವ ಕಡೆ ಕಪ್ಪು, ಸೂರಂಚಿಗೆ ಪಾಚಿಯ ಹಸಿರು ಒಣ ಕುಂಚದಲ್ಲಿ ತಾಗಿಸಿ. ಮಣ್ಣಿಗೆ ಬಣ್ಣ ಹುಡುಕುವುದೇ ಬೇಡ, ಸಾಗರದ ಕಡೆ ಹೋದಾಗ ಒಂದು ಹಿಡಿ ತಂದು ಜರಡಿ ಹಿಡಿದರಾಯಿತು. ಉದ್ದದ ರೈಲಿಗೆ ಜಾಗ ಸಾಲದಿದ್ದರೆ ತಾಳಗುಪ್ಪಕ್ಕೆ ಓಡುತ್ತಿದ್ದ ರೈಲುಬಸ್ ಇದೆ. ಒಂದೇ ಡಬ್ಬಿ, ಪುಸ್ತಕದ ಕಪಾಟಿನ ಒಂದು ಹಲಗೆಯಲ್ಲಿ ಇಡೀ ಸ್ಟೇಷನ್ನು ಮುಗಿದುಹೋಗುತ್ತದೆ. 2020ರಿಂದ ಆ ಹಳೆಯ ಕಟ್ಟಡ ಮಾಲ್ಗುಡಿ ಮ್ಯೂಸಿಯಂ ಆಗಿರುವುದರಿಂದ ಒಳಹೊಕ್ಕು ಅಳತೆ ನೋಡಬಹುದು, ಟೇಪು ಒಯ್ಯಿರಿ.

ಡಿಸಿಸಿ, ಸೌಂಡ್ ಚಿಪ್ಪು ಎಂದು ಕೇಳಿದವರಿಗೆ ಮುಂದಿನ ವಾರ. ಮನಸ್ಸು ಬಂದರೆ.